ಊಟಕ್ಕೆ ಮುಂಚಿನ ಮಾತ್ರೆ

ನಮ್ಮ ಕಡೆಯ ಮನೆಗಳಲ್ಲಿ ಬೆಳಗಿನ ಕೆಲಸಗಳಿಗೆ ಒಂದು ಕ್ರಮವುಂಟು. ಬಾಗಿಲಿಗೆ ನೀರು, ರಂಗೋಲೆ, ದೇವರ ದೀಪ, ಆಮೇಲೆ ಕಾಫಿ. ಈಚಿನ ವರ್ಷಗಳಲ್ಲಿ ಈ ಕ್ರಮದೊಳಕ್ಕೆ, ಯಾರೂ ಕರೆಯದೆ, ಇನ್ನೊಂದು ಬಂದು ಸೇರಿಕೊಂಡಿದೆ. ಅದೇ ಬರಿಯ ಹೊಟ್ಟೆಯಲ್ಲಿ ನುಂಗತಕ್ಕ 'ಗ್ಯಾಸಿನ ಮಾತ್ರೆ'. ಅದಕ್ಕೂ ಗ್ಯಾಸಿಗೂ ಅಂಥ ಸಂಬಂಧವೇನೂ ಇಲ್ಲ. ಅದು ಹೊಟ್ಟೆಯಲ್ಲಿ ಹುಳಿ ಹುಟ್ಟದಂತೆ ಮಾಡುವ ಮಾತ್ರೆ. ಆದರೂ ಅಂಗಡಿಯಲ್ಲಿ ಆ ಹೆಸರಿನಿಂದ ಕೇಳಿದರೇ ಕೊಡುತ್ತಾರೆ. ನೆಂಟರಿಷ್ಟರ ಮನೆಗೆ ಹೋದಾಗ ನೋಡಿದ್ದೇನೆ: ಉಪ್ಪಿನಕಾಯಿಯ ಜಾಡಿಯ ಪಕ್ಕದಲ್ಲಿಯೇ ಆ ಮಾತ್ರೆಯ ಪಟ್ಟಿ ಇರುತ್ತದೆ. ಒಂದರ ಪಾಪವನ್ನು ಇನ್ನೊಂದು ಕಳೆಯುತ್ತದೆಂಬ ನಂಬಿಕೆಯೋ ಏನೋ!

ನಾನು ಈ ಮಾತ್ರೆಯನ್ನು ಹನ್ನೊಂದು ವರ್ಷ ತೆಗೆದುಕೊಂಡವಳು. 2014ರಲ್ಲಿ ನನಗೆ ಮಂಡಿನೋವು ವಿಪರೀತವಾಗಿ, ಮೆಟ್ಟಲು ಹತ್ತುವುದೇ ದುಸ್ತರವಾಗಿದ್ದಿತು. ನೋವಿಗೆ ಮಾತ್ರೆ ಬರೆದ ವೈದ್ಯರು, ಆ ಮಾತ್ರೆಯಿಂದ ಹೊಟ್ಟೆ ಹುಣ್ಣಾಗದಿರಲೆಂದು ಪ್ಯಾಂಟೊಪ್ರಜೋಲ್ ಎಂಬ ಇನ್ನೊಂದನ್ನು 40 ಮಿಲಿಗ್ರಾಂ ಪ್ರಮಾಣದಲ್ಲಿ ಜತೆಗೆ ಬರೆದರು. ಅದು ಯುಕ್ತವಾದ ಚಿಕಿತ್ಸೆಯೇ. ನೋವಿನ ಮಾತ್ರೆ ನಾಲ್ಕು ತಿಂಗಳಿಗೆ ನಿಂತುಹೋಯಿತು. ಕಾವಲಿಗೆ ಬಂದದ್ದು ಮಾತ್ರ ನಿಲ್ಲಲಿಲ್ಲ. ಮುಂದೆ ಚೀಟಿ ಬರೆದವರು ಹಿಂದಿನ ಚೀಟಿಯನ್ನು ನೋಡಿ ಬರೆದರು. ಅವರ ನಂತರದವರು ಅವರದನ್ನು ನೋಡಿ ಬರೆದರು. ಕಳ್ಳನಿಲ್ಲದ ಮನೆಗೆ ಕಾವಲುಗಾರನು ಸಂಬಳ ಪಡೆಯುತ್ತಲೇ ಇದ್ದನು.

ಒಮ್ಮೆ ತಂಗಿಯ ಮಗಳ ಮದುವೆಗೆಂದು ಶಿವಮೊಗ್ಗಕ್ಕೆ ಹೋದಾಗ ಮಾತ್ರೆಯ ಪಟ್ಟಿ ಮನೆಯಲ್ಲಿಯೇ ಉಳಿಯಿತು. ಮೊದಲ ಎರಡು ದಿನ ಏನೂ ಆಗಲಿಲ್ಲ. ಮೂರನೆಯ ರಾತ್ರಿ ಎದೆಯಲ್ಲಿ ಎದ್ದ ಉರಿಯನ್ನು ಏನೆಂದು ಹೇಳಲಿ! ಗಂಟಲಿನವರೆಗೆ ಹುಳಿ, ಮಲಗಿದರೆ ಕೆಮ್ಮು. ಛತ್ರದ ಮೂಲೆಯಲ್ಲಿ ದಿಂಬಿಗೊರಗಿ ಬೆಳಗಾಗುವವರೆಗೆ ಕುಳಿತಿದ್ದೆನು. ಕಂಡವರೆಲ್ಲರೂ "ನೋಡಿದಿರಾ, ಮಾತ್ರೆ ತಪ್ಪಿದರೆ ಹೀಗೆ" ಎಂದರು. ಯಾರೋ ಅಂಗಡಿಗೆ ಓಡಿ ತಂದುಕೊಟ್ಟರು. ಆದರೆ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಅಂದಿನಿಂದ ಮುಳ್ಳಿನಂತೆ ಉಳಿದುಕೊಂಡಿತು. 2014ಕ್ಕೆ ಮೊದಲು ನನಗೆ ಎದೆಯುರಿಯೆಂಬುದೇ ಇರಲಿಲ್ಲ. ಹುಳಿಯನ್ನ, ಗೊಜ್ಜು, ಮೆಣಸಿನಕಾಯಿ ಬಜ್ಜಿ, ಯಾವುದನ್ನು ತಿಂದರೂ ಅರಗುತ್ತಿದ್ದಿತು. ಮಂಡಿಯ ನೋವಿಗಾಗಿ ಬಂದ ಮಾತ್ರೆಯನ್ನು ಬಿಟ್ಟರೆ ಎದೆಯೇಕೆ ಉರಿಯಬೇಕು?

ಇದಕ್ಕೆ ಉತ್ತರ ಕೊಟ್ಟವಳು ನನ್ನ ಅಣ್ಣನ ಮೊಮ್ಮಗಳು. ವೈದ್ಯಶಾಸ್ತ್ರವನ್ನೋದಿದ ಹುಡುಗಿ, ಹಬ್ಬಕ್ಕೆ ಬಂದಿದ್ದಳು. "ಅಜ್ಜಿ, ನಿಮ್ಮ ಹಳೆಯ ತೋಟದ ಏತವನ್ನು ನೆನೆಸಿಕೊಳ್ಳಿ" ಎಂದು ಪ್ರಾರಂಭಮಾಡಿದಳು. ಅವಳು ಹೇಳಿದುದನ್ನು ನನಗೆ ತಿಳಿದಂತೆ ಬರೆಯುತ್ತೇನೆ.

ಜಠರದ ಗೋಡೆಯಲ್ಲಿ ಹುಳಿಯನ್ನು, ಎಂದರೆ ಹೈಡ್ರೊಕ್ಲೋರಿಕ್ ಆಮ್ಲವನ್ನು, ಎತ್ತಿ ಸುರಿಯುವ ಅತಿ ಸೂಕ್ಷ್ಮವಾದ ಏತಗಳು ಲೆಕ್ಕವಿಲ್ಲದಷ್ಟಿವೆ. ಇವಕ್ಕೆ ಪ್ರೋಟಾನ್ ಪಂಪುಗಳೆಂದು ಹೆಸರು. ನಾವು ಉಣ್ಣಲು ಕುಳಿತಾಗ ಇವು ಕೆಲಸಕ್ಕೆ ತೊಡಗುತ್ತವೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಮೊದಲಾದ ಮಾತ್ರೆಗಳು ಕೆಲಸದಲ್ಲಿ ತೊಡಗಿದ ಏತಕ್ಕೆ ಬೀಗ ಹಾಕುತ್ತವೆ. ಸುಮ್ಮನೆ ನಿಂತ ಏತಕ್ಕೆ ಬೀಗ ಹತ್ತುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಬೇಕೆಂಬ ನಿಯಮ ಬಂದುದು ಇದರಿಂದಲೇ. ಮಾತ್ರೆಯು ರಕ್ತದಲ್ಲಿ ಒಂದೆರಡು ಗಂಟೆಗಿಂತ ಹೆಚ್ಚು ನಿಲ್ಲದಿದ್ದರೂ, ಹಾಕಿದ ಬೀಗವನ್ನು ತೆಗೆಯಲು ಶರೀರಕ್ಕೆ ಸಾಧ್ಯವಿಲ್ಲ. ಹೊಸ ಏತಗಳನ್ನೇ ಕಟ್ಟಿಕೊಳ್ಳಬೇಕು. ಆದುದರಿಂದಲೇ ನನಗೆ ಮೊದಲ ಎರಡು ದಿನ ಏನೂ ತಿಳಿಯದೆ ಹೋದದ್ದು.

ಇನ್ನು ಕಷ್ಟದ ಭಾಗ. ಹೊಟ್ಟೆಯಲ್ಲಿ ಹುಳಿ ಸಾಲದೆಂದು ಕಂಡಾಗ ಶರೀರವು ಗ್ಯಾಸ್ಟ್ರಿನ್ ಎಂಬ ಒಂದು ರಸವನ್ನು ರಕ್ತಕ್ಕೆ ಬಿಡುತ್ತದೆ. ಅದು ತೋಟದ ಮೇಸ್ತ್ರಿಯಿದ್ದ ಹಾಗೆ. ನೀರು ಬರುತ್ತಿಲ್ಲವೆಂದು ಮೇಸ್ತ್ರಿ ದಿನವೂ ಕೂಗುತ್ತಾನೆ, ಆಳುಗಳ ಮೇಲೆ ಆಳುಗಳನ್ನು ಸೇರಿಸುತ್ತಾನೆ. ಬೀಗವಿರುವುದು ಅವನಿಗೆ ಕಾಣದು. ತಿಂಗಳುಗಟ್ಟಲೆ ಹೀಗೆ ಆಳುಗಳು ಜಮಾಯಿಸಿರುವಾಗ ಒಂದು ದಿನ ಬೀಗಗಳೆಲ್ಲ ಕಳಚಿದರೆ, ಅಷ್ಟು ಜನವೂ ಒಟ್ಟಿಗೆ ಏತ ಎಳೆಯುತ್ತಾರೆ. ಹಿಂದೆ ಇದ್ದುದಕ್ಕಿಂತ ಹೆಚ್ಚು ಹುಳಿ ಸುರಿಯುತ್ತದೆ. ನನ್ನ ಎದೆ ಉರಿದದ್ದು ಹಳೆಯ ರೋಗದಿಂದಲ್ಲ, ಬೀಗ ಕಳಚಿದ್ದರಿಂದ.

"ಇದು ಊಹೆಯಲ್ಲ ಅಜ್ಜಿ, ನೋಡಿದ್ದಾರೆ" ಎಂದು ಅವಳು 2009ರಲ್ಲಿ ಡೆನ್ಮಾರ್ಕಿನಲ್ಲಿ ನಡೆದ ಒಂದು ಪರೀಕ್ಷೆಯನ್ನು ಹೇಳಿದಳು. ಹೊಟ್ಟೆಯ ದೂರು ಯಾವುದೂ ಇಲ್ಲದ 120 ಮಂದಿ ಆರೋಗ್ಯವಂತರನ್ನು ಎರಡು ಗುಂಪುಮಾಡಿ, ಒಂದು ಗುಂಪಿಗೆ ಎಂಟು ವಾರ ಇದೇ ಜಾತಿಯ ಮಾತ್ರೆಯನ್ನು ಕೊಟ್ಟು, ಮುಂದಿನ ನಾಲ್ಕು ವಾರ ಅವರಿಗೆ ತಿಳಿಯದಂತೆ ಹುಸಿಮಾತ್ರೆ ಕೊಟ್ಟರು. ಇನ್ನೊಂದು ಗುಂಪಿಗೆ ಹನ್ನೆರಡು ವಾರವೂ ಹುಸಿಮಾತ್ರೆಯೇ. ಕಡೆಯ ನಾಲ್ಕು ವಾರಗಳಲ್ಲಿ ಮಾತ್ರೆ ತೆಗೆದುಕೊಂಡು ಬಿಟ್ಟವರಲ್ಲಿ ನೂರಕ್ಕೆ 44 ಮಂದಿ ಎದೆಯುರಿ, ಹುಳಿತೇಗು ಮುಂತಾದುವನ್ನು ಹೇಳಿಕೊಂಡರು. ಇನ್ನೊಂದು ಗುಂಪಿನಲ್ಲಿ ನೂರಕ್ಕೆ 15. ಎರಡೇ ತಿಂಗಳಿಗೆ ಹೀಗಾದರೆ ಹನ್ನೊಂದು ವರ್ಷದ ಮಾತೇನು? ಇದನ್ನು ಕೇಳಿದಾಗ ನನಗೆ ಭಯಕ್ಕಿಂತ ಹೆಚ್ಚಾಗಿ ಸಮಾಧಾನವಾಯಿತು. ಉರಿಗೆ ಒಂದು ಕಾರಣವೂ ಒಂದು ಅವಧಿಯೂ ಉಂಟೆಂದು ತಿಳಿದರೆ ಅರ್ಧ ಉರಿ ಕಡಿಮೆಯಾದಂತೆ.

ಹೀಗೆಂದ ಮಾತ್ರಕ್ಕೆ ಈ ಔಷಧವನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ನಮ್ಮ ತಂದೆಯವರಿಗೆ 1968ರಲ್ಲಿ ಜಠರದ ಹುಣ್ಣಿಗಾಗಿ ಹೊಟ್ಟೆಯನ್ನು ಕೊಯ್ದು ಅರ್ಧ ಜಠರವನ್ನೇ ತೆಗೆದುಹಾಕಿದರು. ಆಮೇಲೆ ಅವರು ಬದುಕಿದಷ್ಟು ಕಾಲವೂ ಹಕ್ಕಿಯಂತೆ ತುಸು ತುಸುವೇ ಉಣ್ಣುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ಕೂರುವುದಕ್ಕೆ ನಾಚುತ್ತಿದ್ದರು. ಬ್ರಿಟನ್ನಿನಲ್ಲಿ ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿಯ ಶ್ರಮದಿಂದ ಸಿಮೆಟಿಡೀನ್ 1976ರಲ್ಲಿ ಹೊರಬಂದಿತು. ಸ್ವೀಡನ್ನಿನಲ್ಲಿ ಕಂಡುಹಿಡಿದ ಒಮೆಪ್ರಜೋಲ್ ಮಾರಾಟಕ್ಕೆ ಬಂದದ್ದು 1988ರಲ್ಲಿ. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಎಂಬ ವೈದ್ಯನು, ಹುಣ್ಣಿಗೆ ಒಂದು ಬಗೆಯ ಕ್ರಿಮಿ ಕಾರಣವೆಂಬುದನ್ನು ತೋರಿಸಲು 1984ರಲ್ಲಿ ಆ ಕ್ರಿಮಿಗಳ ಕಷಾಯವನ್ನು ತಾನೇ ಕುಡಿದನು. ಅವನಿಗೂ ಅವನ ಜತೆಗಾರ ರಾಬಿನ್ ವಾರನ್ನನಿಗೂ 2005ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇವೆಲ್ಲ ಇಪ್ಪತ್ತು ವರ್ಷ ಮುಂಚೆ ಬಂದಿದ್ದರೆ ನಮ್ಮ ತಂದೆಯವರ ಜಠರ ಇಡಿಯಾಗಿ ಉಳಿಯುತ್ತಿದ್ದಿತು.

ಹೆದರಿಸುವವರೂ ಇದ್ದಾರೆ. ಮೂಳೆ ಮುರಿಯುತ್ತದೆ, ಮೂತ್ರಪಿಂಡ ಕೆಡುತ್ತದೆ, ಮರೆವು ಬರುತ್ತದೆ ಎಂದು ದಿನಕ್ಕೊಂದು ಸುದ್ದಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2010ರಲ್ಲಿ ಮೂಳೆಯ ವಿಷಯವಾಗಿಯೂ 2011ರಲ್ಲಿ ರಕ್ತದ ಮೆಗ್ನೀಷಿಯಂ ಇಳಿಯುವ ವಿಷಯವಾಗಿಯೂ ಎಚ್ಚರಿಕೆ ಕೊಟ್ಟುದು ನಿಜ. ಆದರೆ 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, 17,000ಕ್ಕೂ ಹೆಚ್ಚು ಜನರಿಗೆ ಸುಮಾರು ಮೂರು ವರ್ಷ ಪ್ಯಾಂಟೊಪ್ರಜೋಲನ್ನೋ ಹುಸಿಮಾತ್ರೆಯನ್ನೋ ಕೊಟ್ಟು ನೋಡಿದಾಗ, ಕರುಳಿನ ಸೋಂಕು ಸ್ವಲ್ಪ ಹೆಚ್ಚಿದುದನ್ನು ಬಿಟ್ಟರೆ ಬೇರಾವ ಕೇಡೂ ಸ್ಪಷ್ಟವಾಗಿ ಕಾಣಲಿಲ್ಲ. ಮೂರು ವರ್ಷವೆಂದರೆ ಹನ್ನೊಂದು ವರ್ಷವಲ್ಲವೆಂದು ನಾನು ಹುಡುಗಿಯೊಡನೆ ವಾದಿಸಿದೆನು. ಅದನ್ನು ಅವಳೂ ಒಪ್ಪಿದಳು.

ನನ್ನ ವಿಷಯದಲ್ಲಿ ಸಿಕ್ಕಿದ್ದು ಬಿ12 ಎಂಬ ಜೀವಸತ್ವದ ಕೊರತೆ. ಎರಡು ವರ್ಷದಿಂದ ಪಾದಗಳಲ್ಲಿ ಜೋಮು, ರಾತ್ರಿ ಸೂಜಿ ಚುಚ್ಚಿದಂತೆ. ವಯಸ್ಸಾಯಿತೆಂದು ಎಲ್ಲರೂ ಸುಮ್ಮನಿದ್ದರು. ಆಹಾರದಲ್ಲಿರುವ ಬಿ12 ಬಿಡಿಸಿಕೊಂಡು ಬರಲು ಹೊಟ್ಟೆಯ ಹುಳಿ ಬೇಕು. ಇದರ ಹೊಣೆಯನ್ನೆಲ್ಲ ಮಾತ್ರೆಯ ತಲೆಗೇ ಕಟ್ಟಲಾರೆ. ನಮ್ಮದು ಮಾಂಸ ಮೊಟ್ಟೆಗಳಿಲ್ಲದ ಮನೆ, ಇರುವ ಅಷ್ಟಿಷ್ಟು ಹಾಲು ಮೊಸರಿನಿಂದ ಬರಬೇಕು. ಬರುವುದೇ ಕಡಿಮೆ, ಅದರಲ್ಲಿ ಹುಳಿಯೂ ಇಲ್ಲ. ಬಿ12 ಮಾತ್ರೆ ಪ್ರಾರಂಭವಾಯಿತು. ಅದನ್ನು ಹೀರಿಕೊಳ್ಳಲು ಹುಳಿಯ ಹಂಗಿಲ್ಲವಂತೆ.

ವೈದ್ಯರು ಮೊದಲು ಎಲ್ಲವನ್ನೂ ವಿಚಾರಿಸಿದರು. ನುಂಗಲು ತೊಂದರೆಯುಂಟೆ, ತೂಕ ಇಳಿದಿದೆಯೆ, ಮಲ ಕಪ್ಪಾಗಿತ್ತೆ, ರಕ್ತಹೀನತೆಯಿದೆಯೆ, ಆಸ್ಪಿರಿನ್ ಅಥವಾ ನೋವಿನ ಮಾತ್ರೆ ಈಗಲೂ ಇದೆಯೆ ಎಂದು. ಎಂಡೋಸ್ಕೊಪಿ ಮಾಡಿ ಅನ್ನನಾಳವೂ ಜಠರವೂ ನಿರ್ಮಲವಾಗಿವೆಯೆಂದು ಕಂಡುಕೊಂಡರು. ಆಮೇಲೆಯೇ ಬಿಡುವ ಮಾತು. ಒಮ್ಮೆಗೇ ಬಿಡಬಹುದು, ಮೆಟ್ಟಲಿಳಿದಂತೆಯೂ ಬಿಡಬಹುದು, ಎರಡಕ್ಕೂ ಶಾಸ್ತ್ರದ ಒಪ್ಪಿಗೆಯಿದೆ ಎಂದರು. ಛತ್ರದ ರಾತ್ರಿಯನ್ನು ನೆನೆದು ನಾನು ಮೆಟ್ಟಲನ್ನೇ ಆರಿಸಿಕೊಂಡೆನು. ನಾಲ್ಕು ವಾರ 20 ಮಿಲಿಗ್ರಾಂ, ನಾಲ್ಕು ವಾರ ದಿನ ಬಿಟ್ಟು ದಿನ, ಆಮೇಲೆ ಪೂರ್ತಿ ನಿಲುಗಡೆ. 40ರ ಮಾತ್ರೆಯನ್ನು ಮುರಿದು ಅರ್ಧ ಮಾಡಕೂಡದು. ಅದರ ಮೇಲಿನ ಲೇಪ ಹೋದರೆ ಹೊಟ್ಟೆಯ ಹುಳಿಯೇ ಅದನ್ನು ಹಾಳುಮಾಡುತ್ತದೆ. ತೀರ ಉರಿದಾಗ ಕುಡಿಯಲು ಒಂದು ಬಿಳಿಯ ಔಷಧವನ್ನು ಕೊಟ್ಟರು.

2025ರ ಯುಗಾದಿ ಕಳೆದ ಮೇಲೆ ಪ್ರಾರಂಭ. ಮೊದಲ ತಿಂಗಳು ಸುಖವಾಗಿ ಹೋಯಿತು. ದಿನ ಬಿಟ್ಟು ದಿನ ಎಂಬಲ್ಲಿ ಉರಿ ತಲೆ ಹಾಕಿತು. ಪೂರ್ತಿ ನಿಲ್ಲಿಸಿದ ನಾಲ್ಕನೆಯ ದಿನದಿಂದ ಸುಮಾರು ಮೂರು ವಾರ ಮಾತ್ರ ನಿಜವಾದ ಪರೀಕ್ಷೆಯ ಕಾಲ. ಮನೆಯಲ್ಲಿ ಮಾಡಿದ ವ್ಯವಸ್ಥೆ ಇಷ್ಟು: ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಗಳನ್ನಿಟ್ಟು ಸುಮಾರು ಆರಂಗುಲ ಎತ್ತರಿಸಿದೆವು. ದಿಂಬಿನ ಮೇಲೆ ದಿಂಬು ಹೇರಿದರೆ ಕತ್ತು ಮಾತ್ರ ಮಡಿಸುತ್ತದೆ, ಹೊಟ್ಟೆ ಇನ್ನಷ್ಟು ಅಮುಕುತ್ತದೆ. ಎಡಮಗ್ಗುಲಾಗಿ ಮಲಗುವುದು. ರಾತ್ರಿಯ ಊಟ ಒಂಬತ್ತಕ್ಕೆ ಇದ್ದುದು ಏಳಕ್ಕೆ ಬಂದಿತು. ಇದರಿಂದ ಸೊಸೆಗೆ ಆದ ತೊಂದರೆ ಅಷ್ಟಿಷ್ಟಲ್ಲ, ಕಚೇರಿಯಿಂದ ಬಂದವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರವಾಗಿ ಒಲೆಯ ಮುಂದೆ ನಿಲ್ಲುತ್ತಿದ್ದಳು. ಒಂದು ಮಾತನ್ನೂ ಆಡಲಿಲ್ಲ. ಸಂಜೆಯ ಎರಡನೆಯ ಕಾಫಿಯನ್ನು ಬಿಟ್ಟೆನು. ಬೆಳಗಿನದನ್ನು ಬಿಡೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಉಪದೇಶಕ್ಕೆ ಕೊರತೆಯಿರಲಿಲ್ಲ. ಜೀರಿಗೆ ನೀರು, ಬಾಳೆದಿಂಡಿನ ರಸ, ನೆಲ್ಲಿಕಾಯಿ, ತಣ್ಣನೆಯ ಹಾಲು. ಹಾಲು ಇಳಿಯುವಾಗ ಹಿತವೇ. ಆದರೆ ಸ್ವಲ್ಪ ಹೊತ್ತಿಗೆ ಅದೇ ಹುಳಿಯನ್ನು ಹುಟ್ಟಿಸುತ್ತದೆ. ನನಗೆ ಒದಗಿದ್ದು ನೀರು ಮಜ್ಜಿಗೆ, ಅದೂ ಮಧ್ಯಾಹ್ನದಲ್ಲಿ. ಐದನೆಯ ವಾರ ಒಂದು ಬೆಳಗ್ಗೆ ಎದ್ದಾಗ, ಹಿಂದಿನ ರಾತ್ರಿ ಬಿಳಿಯ ಔಷಧದ ಸೀಸೆಯನ್ನು ಮುಟ್ಟಲಿಲ್ಲವೆಂಬುದು ಹೊಳೆಯಿತು.

ಇಷ್ಟರಲ್ಲಿ ಮನೆಯಲ್ಲಿ ಇನ್ನೊಂದು ನಡೆಯಿತು. ನಮ್ಮ ಯಜಮಾನರೂ ಇದೇ ಮಾತ್ರೆಯನ್ನು ತೆಗೆದುಕೊಳ್ಳುವವರು. ಆದರೆ ಕಾರಣ ಬೇರೆ. ಅವರ ಹೃದಯದ ರಕ್ತನಾಳಕ್ಕೆ 2015ರಲ್ಲಿ ಸ್ಟೆಂಟು ಹಾಕಿದಂದಿನಿಂದ ಆಸ್ಪಿರಿನ್ ಬಿಡುವಂತಿಲ್ಲ. 2016ರ ಶ್ರಾವಣದಲ್ಲಿ ಒಂದು ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದರು. ಎರಡು ದಿನದಿಂದ ಮಲ ಟಾರಿನಂತೆ ಕಪ್ಪಾಗಿತ್ತೆಂದು ಆಮೇಲೆ ಹೇಳಿದರು. ಹುಣ್ಣಿನಿಂದ ರಕ್ತ ಸೋರಿಹೋಗಿತ್ತು. ನಾಲ್ಕು ಬಾಟಲು ರಕ್ತ ಕೊಟ್ಟು ಉಳಿಸಿಕೊಂಡರು. ಅವರ ಕೈ ಅಂದು ಎಷ್ಟು ತಣ್ಣಗಿತ್ತೆಂಬುದು ನನ್ನ ಅಂಗೈಗೆ ಇಂದಿಗೂ ನೆನಪಿದೆ.

ನಾನು ಮಾತ್ರೆಯನ್ನು ಬಿಟ್ಟು ಗೆದ್ದೆನೆಂದು ಮನೆಯಲ್ಲಿ ಸಂಭ್ರಮವಾಗುತ್ತಿರುವಾಗ ಅವರ ಪಟ್ಟಿಯಲ್ಲಿ ನಾಲ್ಕು ಮಾತ್ರೆ ಹೆಚ್ಚಾಗಿ ಉಳಿದಿರುವುದು ಕಣ್ಣಿಗೆ ಬಿತ್ತು. ಕೇಳಿದೆನು.

"ನೀನು ಬಿಡಬಹುದು, ನಾನು ಬಿಡಬಾರದೇನೆ? ನಿನಗಿಂತ ಎರಡು ವರ್ಷ ಕಡಿಮೆ ತಿಂದಿದ್ದೇನೆ" ಎಂದರು.

ನನಗೆ ಬಾಯಿ ಬರಲಿಲ್ಲ. ಹುಡುಗಿಗೆ ಫೋನು ಮಾಡಿ ಕೈಗೆ ಕೊಟ್ಟೆನು. ಅವಳ ದನಿ ನನಗೂ ಕೇಳಿಸುತ್ತಿತ್ತು. "ತಾತ, ಅಜ್ಜಿಯ ಮನೆಯಲ್ಲಿ ಕಳ್ಳನಿರಲಿಲ್ಲ, ಕಾವಲುಗಾರನನ್ನು ಕಳಿಸಿದರು. ನಿಮ್ಮ ಮನೆಯೊಳಗೆ ಆಸ್ಪಿರಿನ್ ಇದೆ. ಒಮ್ಮೆ ಕನ್ನ ಹಾಕಿಯೂ ಆಗಿದೆ. ನೀವು ಕಾವಲು ತೆಗೆಯುವ ಹಾಗಿಲ್ಲ." ಒಮ್ಮೆ ರಕ್ತ ಸೋರಿದವರು, ಆಸ್ಪಿರಿನ್ ಜತೆಗೆ ಅಪಾಯವಿರುವವರು, ಅನ್ನನಾಳದಲ್ಲಿ ತೀವ್ರವಾದ ಹುಣ್ಣಾದವರು, ಅದರ ಒಳಪೊರೆಯೇ ಬದಲಾಗಿ ಬ್ಯಾರೆಟ್ ಅನ್ನನಾಳವೆಂಬ ಸ್ಥಿತಿ ಬಂದವರು, ಇವರಾರೂ ಬಿಡುವ ಪ್ರಯತ್ನ ಮಾಡಕೂಡದೆಂದು 2022ರಲ್ಲಿ ಅಮೆರಿಕದ ಜಠರರೋಗತಜ್ಞರ ಸಂಘವು ಸ್ಪಷ್ಟವಾಗಿ ಹೇಳಿದೆಯೆಂದೂ ತಿಳಿಸಿದಳು. ಯಜಮಾನರು "ಹೂಂ" ಎಂದರು. ಮಾರನೆಯ ದಿನ ವೈದ್ಯರ ಬಳಿ ಹೋಗಿ ರಕ್ತ ತೋರಿಸಿಕೊಂಡು ಬಂದೆವು. ದೇವರ ದಯೆಯಿಂದ ಏನೂ ಆಗಿರಲಿಲ್ಲ. ಮಾತ್ರೆ ಮತ್ತೆ ನಡೆದಿದೆ. ಪಟ್ಟಿಯನ್ನು ಈಗ ನಾನು ಎಣಿಸುತ್ತೇನೆ. ಅವರಿಗೆ ಅದು ತಿಳಿದಿದೆ. ತಿಳಿದೂ ತಿಳಿಯದಂತೆ ಪತ್ರಿಕೆ ಓದುತ್ತಾರೆ.

ನನ್ನ ಮಂಚದ ಇಟ್ಟಿಗೆಗಳನ್ನು ತೆಗೆಸಿಲ್ಲ. ಹಬ್ಬದೂಟದ ಮರುದಿನ ಒಮ್ಮೊಮ್ಮೆ ಉರಿ ಬರುತ್ತದೆ, ಎರಡು ಚಮಚ ಬಿಳಿಯ ಔಷಧಕ್ಕೆ ಹೋಗುತ್ತದೆ. ಪಾದದ ಜೋಮು ಅರ್ಧದಷ್ಟು ಇಳಿದಿದೆ. ಎಡಗಾಲಿನ ಹೆಬ್ಬೆರಳು ಮಾತ್ರ ಇನ್ನೂ ಹಟ ಹಿಡಿದಿದೆ. ಬಿ12 ಎಷ್ಟು ಏರಿದೆಯೆಂದು ನೋಡಲು ಇನ್ನೆರಡು ತಿಂಗಳಿಗೆ ಮತ್ತೆ ರಕ್ತ ಕೊಟ್ಟು ಬರಬೇಕು.