ಆಲ್ಸಾಸ್‌ನ ದ್ರಾಕ್ಷಿತೋಟದಿಂದ ಆದವಾನಿಯ ಒಗ್ಗರಣೆಗೆ

ಕೆಲಸದ ನಿಮಿತ್ತ ನಾವು ಜರ್ಮನಿಯ ಕಾರ್ಲ್ಸ್‌ರೂಹೆ ನಗರಕ್ಕೆ ಬಂದು 12 ವರ್ಷಗಳಾದವು. ಗಂಡ ಹೆಂಡತಿ ಇಬ್ಬರಿಗೂ ತಿರುಗಾಟದ ಹುಚ್ಚು, ಅದರಲ್ಲೂ ಊಟದ ಹಿಂದೆ ಹೋಗುವ ಹುಚ್ಚು. ಬೇರೆಯವರು ಅರಮನೆ, ಮ್ಯೂಸಿಯಂ ಎಂದು ಪಟ್ಟಿ ಮಾಡಿಕೊಂಡು ಹೊರಟರೆ ನಾವು ಮೊದಲು ವಿಚಾರಿಸುವುದು ಆ ಊರಿನ ಸಂತೆ ಯಾವ ದಿನ ಎಂದು. ಇಟಲಿಯ ಬೊಲೋನ್ಯಾ, ಪೋರ್ಚುಗಲ್‌ನ ಪೋರ್ತೊ, ಅಲ್ಲಿ ನದಿಯಾಚೆಗಿರುವ ವೈನ್ ಉಗ್ರಾಣಗಳು, ಎಲ್ಲವನ್ನೂ ನೋಡಿಯಾಯಿತು. ಆದರೆ ನಾವು ಮತ್ತೆ ಮತ್ತೆ ಹೋಗುವುದು ಮನೆಯಿಂದ ಸುಮಾರು 80 ಕಿ.ಮೀ. ದೂರದ ಆಲ್ಸಾಸ್‌ಗೆ. ಅದಕ್ಕೆ ಕಾರಣ ನನ್ನಾಕೆಯ ತವರು ಎಂದರೆ ಓದುಗರಿಗೆ ಆಶ್ಚರ್ಯವಾದೀತು. ಅವಳು ಆಂಧ್ರದ ಆದೋನಿಯವಳು. ಹಳಬರ ಬಾಯಲ್ಲಿ ಆ ಊರು ಇಂದಿಗೂ ಆದವಾನಿ.

ಆಲ್ಸಾಸ್ ಇರುವುದು ಫ್ರಾನ್ಸಿನ ಪೂರ್ವದ ಅಂಚಿನಲ್ಲಿ. ರೈನ್ ನದಿ ದಾಟಿದರೆ ಜರ್ಮನಿ. 1871ರ ಯುದ್ಧದ ನಂತರ ಜರ್ಮನಿಗೆ, 1918ರಲ್ಲಿ ಫ್ರಾನ್ಸಿಗೆ, 1940ರಲ್ಲಿ ಹಿಟ್ಲರನ ಕೈಗೆ, 1945ರ ಹೊತ್ತಿಗೆ ಮತ್ತೆ ಫ್ರಾನ್ಸಿಗೆ. ಅಲ್ಲಿ ಎಪ್ಪತ್ತೈದು ವರ್ಷ ಬಾಳಿದ ಒಬ್ಬ ಅಜ್ಜಿ ಮನೆಯ ಹೊಸ್ತಿಲು ದಾಟದೆಯೇ ನಾಲ್ಕು ಸಲ ದೇಶ ಬದಲಿಸಿರಲು ಸಾಧ್ಯ. ಇದರ ಗುರುತು ಚರ್ಚಿನಲ್ಲಿಯೂ ಉಳಿದಿದೆ. ಫ್ರಾನ್ಸ್ 1905ರಲ್ಲಿ ಧರ್ಮಸಭೆಯನ್ನೂ ಸರ್ಕಾರವನ್ನೂ ಬೇರ್ಪಡಿಸುವ ಕಾಯಿದೆ ತಂದಾಗ ಆಲ್ಸಾಸ್ ಜರ್ಮನಿಯಲ್ಲಿತ್ತು. ಹಾಗಾಗಿ ನೆಪೋಲಿಯನ್ 1801ರಲ್ಲಿ ಪೋಪ್ ಏಳನೇ ಪಯಸ್ ಅವರೊಂದಿಗೆ ಮಾಡಿಕೊಂಡ ಒಪ್ಪಂದ ಅಲ್ಲಿ ಇಂದಿಗೂ ಜಾರಿಯಲ್ಲಿದೆ. ಗುರುಗಳಿಗೆ ಸರ್ಕಾರವೇ ಸಂಬಳ ಕೊಡುತ್ತದೆ. ಕ್ರಿಸ್‌ಮಸ್ ಮರುದಿನವೂ ರಜೆ, ಉಳಿದ ಫ್ರಾನ್ಸಿನಲ್ಲಿ ಅದಿಲ್ಲ.

ಊಟದ ವಿಷಯಕ್ಕೆ ಬರೋಣ. ಅಲ್ಲಿ ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಮೇಲೆ ಕೆನೆ, ಹೆಚ್ಚಿದ ಈರುಳ್ಳಿ, ಹಂದಿಮಾಂಸದ ಸಣ್ಣ ಚೂರುಗಳನ್ನು ಹರಡಿ ಕಟ್ಟಿಗೆಯ ಒಲೆಯಲ್ಲಿ ಸುಡುತ್ತಾರೆ. ರೊಟ್ಟಿ ಬೇಯಿಸುವ ಮೊದಲು ಒಲೆಯ ಕಾವು ಪರೀಕ್ಷಿಸಲು ಹಳ್ಳಿಯವರು ಮಾಡುತ್ತಿದ್ದ ತಿಂಡಿಯಿದು. ಫ್ರೆಂಚರು ಇದನ್ನು ಟಾರ್ಟ್ ಫ್ಲಾಂಬೆ ಎನ್ನುತ್ತಾರೆ, ಜರ್ಮನರು ಫ್ಲಾಮ್‌ಕೂಖೆನ್ ಎನ್ನುತ್ತಾರೆ, ಆಲ್ಸಾಸಿನವರಿಗೆ ಅವರದೇ ಮಾತಿನಲ್ಲಿ ಮೂರನೆಯ ಹೆಸರಿದೆ. ಮೊದಲ ಸಲ ಸ್ಟ್ರಾಸ್‌ಬರ್ಗ್‌ನಲ್ಲಿ ಇದನ್ನು ತಿನ್ನುವಾಗ ಮೆನು ಕಾರ್ಡಿನಲ್ಲಿದ್ದ ಹೆಸರುಗಳನ್ನು ನೋಡಿ ನನ್ನಾಕೆ, "ಇದು ನಮ್ಮ ಒಗ್ಗರಣೆ ಕಥೆನೇ ಕಣ್ರೀ" ಎಂದು ನಕ್ಕಳು.

ಆ ಕಥೆ ಹೀಗಿದೆ. ಆದೋನಿ ಮೊದಲು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು ಕರ್ನೂಲು ಜಿಲ್ಲೆಯ ಪಾಲಾದವು. ಆಲ್ಸಾಸಿನ ಪ್ರಸಿದ್ಧ ವೈನ್ ಮಾರ್ಗ, ಅಂದರೆ ಮಾರ್ಲೆನ್‌ಹೈಮ್‌ನಿಂದ ಥಾನ್‌ವರೆಗೆ ದ್ರಾಕ್ಷಿತೋಟಗಳ ನಡುವೆ ಸಾಗುವ ಸುಮಾರು 170 ಕಿ.ಮೀ. ದಾರಿ, ಉದ್ಘಾಟನೆಯಾದದ್ದೂ 1953ರಲ್ಲಿಯೇ. ಒಂದೇ ವರ್ಷ ಅಲ್ಲಿ ದಾರಿ ತೆರೆದರು, ಇಲ್ಲಿ ಗೆರೆ ಎಳೆದರು.

ಎರಡು ಕಡೆಯೂ ಮಳೆ ಕಡಿಮೆ. ಆಲ್ಸಾಸ್‌ಗೆ ಪಶ್ಚಿಮದ ಮೋಡಗಳನ್ನು ವೋಜ್ ಬೆಟ್ಟಗಳು ತಡೆಯುತ್ತವೆ. ಕೋಲ್ಮಾರ್ ಫ್ರಾನ್ಸಿನಲ್ಲಿ ಅತಿ ಕಡಿಮೆ ಮಳೆ ಬೀಳುವ ಊರುಗಳಲ್ಲೊಂದು. ಆ ಒಣಹವೆಯಲ್ಲಿ ರೀಸ್ಲಿಂಗ್ ದ್ರಾಕ್ಷಿ ಚೆನ್ನಾಗಿ ಹಣ್ಣಾಗುತ್ತದೆ. ಆದೋನಿ ನಮ್ಮ ಪಶ್ಚಿಮ ಘಟ್ಟಗಳ ಮಳೆಯ ನೆರಳಿನಲ್ಲಿದೆ. ಅಲ್ಲಿ ಬೆಳೆಯುವುದು ಜೋಳ, ಶೇಂಗಾ, ಹತ್ತಿ. ಹತ್ತಿ ವ್ಯಾಪಾರ, ಜವಳಿ ವ್ಯಾಪಾರ ಜೋರಾಗಿದ್ದ ಕಾಲದಿಂದ ಈ ಊರನ್ನು ಎರಡನೇ ಬೊಂಬಾಯಿ ಎಂದು ಕರೆಯುವುದುಂಟು. ವೈನ್ ರುಚಿಯ ಬಗ್ಗೆ ಪುಟಗಟ್ಟಲೆ ಬರೆಯುವವರಿದ್ದಾರೆ, ನನಗದು ಬಾರದು. ಉದ್ದ ಕತ್ತಿನ ಬಾಟಲಿಯ ತಣ್ಣಗಿನ ರೀಸ್ಲಿಂಗ್ ಹುಳಿಹುಳಿಯಾಗಿ, ಕೆನೆ ಹಚ್ಚಿದ ಆ ತಿಂಡಿಗೆ ಒಪ್ಪುತ್ತದೆ ಎಂದಷ್ಟೇ ಹೇಳಬಲ್ಲೆ. ಜೋಳದ ರೊಟ್ಟಿಗೆ ಮಜ್ಜಿಗೆ ಒಪ್ಪುವುದೂ ಹೀಗೆಯೇ.

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಯುರೋಪಿನ ತಿರುಗಾಟ ಬಿಟ್ಟು ಆದೋನಿಯಲ್ಲಿ ಹತ್ತು ದಿನ ಉಳಿದೆವು. ಬೆಂಗಳೂರಿನಿಂದ ಮುಂಬಯಿ ಕಡೆಗೆ ಹೋಗುವ ರೈಲು ಗುಂತಕಲ್ ದಾಟಿದ ಮೇಲೆ ಆದೋನಿ ಬರುತ್ತದೆ. ಬೋಳು ಬಂಡೆಗಳ ಬೆಟ್ಟದ ಮೇಲೆ ಕೋಟೆ, ಕೆಳಗೆ ಊರು. ವಿಜಯನಗರದವರು, ಬಿಜಾಪುರದ ಸುಲ್ತಾನರು, ಮೊಗಲರು, ನಿಜಾಮನ ತಮ್ಮ ಬಸಾಲತ್ ಜಂಗ್, ಟಿಪ್ಪು, ಕೊನೆಗೆ ಇಂಗ್ಲಿಷರು, ಎಲ್ಲರೂ ಈ ಕೋಟೆಯ ಮೇಲೆ ಕಣ್ಣಿಟ್ಟವರೇ. ಬಿಜಾಪುರದ ಕಡೆಯಿಂದ ಆಳಿದ ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಜಾಮಿಯಾ ಮಸೀದಿ ಊರೊಳಗಿದೆ. ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು, ಅಂದರೆ ಇಂದಿನ ಮಂತ್ರಾಲಯವನ್ನು, ಬಿಟ್ಟುಕೊಟ್ಟವನೂ ಅವನೇ ಎಂದು ಪ್ರತೀತಿ. ಕೋಟೆ ಹತ್ತುವವರು ಬೆಳಿಗ್ಗೆ ಬೇಗ ಹೊರಡಬೇಕು. ಒಂಬತ್ತು ಗಂಟೆಗೆಲ್ಲ ಬಂಡೆ ಕಾಯುತ್ತದೆ.

ನಾವು ಬೇಗ ಎದ್ದದ್ದು ಕೋಟೆಗಲ್ಲ, ಒಗ್ಗರಣೆಗೆ. ಬಳ್ಳಾರಿ, ರಾಯಚೂರಿನ ಕಡೆಯವರಿಗೆ ಹೇಳಬೇಕಾಗಿಲ್ಲ. ಕರಾವಳಿ ಮತ್ತು ಬೆಂಗಳೂರಿನ ಓದುಗರಿಗಾಗಿ ಬರೆಯುತ್ತೇನೆ. ಮಂಡಕ್ಕಿಯನ್ನು ನೀರಿಗೆ ಹಾಕಿ, ಮೆತ್ತಗಾಗುವಷ್ಟರಲ್ಲೇ ಎರಡೂ ಕೈಯಿಂದ ಹಿಂಡಿ ತೆಗೆಯಬೇಕು. ತಡವಾದರೆ ಮುದ್ದೆಯಾಗುತ್ತದೆ, ಹಿಂಡುವುದು ಕಡಿಮೆಯಾದರೆ ತಿಂಡಿ ನೀರು ನೀರು. ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ ಬಾಡಿಸಿ ಮಂಡಕ್ಕಿ ಸೇರಿಸಿ, ಕೊನೆಗೆ ಪುಟಾಣಿ ಪುಡಿ ಉದುರಿಸಿ ನಿಂಬೆಹಣ್ಣು ಹಿಂಡುತ್ತಾರೆ. ಉಳಿದ ತೇವವನ್ನು ಆ ಪುಡಿ ಹೀರಿಕೊಳ್ಳುತ್ತದೆ, ಗುಟ್ಟಿರುವುದು ಅದರಲ್ಲೇ. ಜೊತೆಗೆ ಬಿಸಿ ಮಿರ್ಚಿ ಬಜ್ಜಿ ಇಲ್ಲದಿದ್ದರೆ ಅದು ಊಟವೇ ಅಲ್ಲ. ಗಡಿಯಿಂದ ಈಚೆ ಇದು ಒಗ್ಗರಣೆ ಮಿರ್ಚಿ, ಆಚೆ ಉಗ್ಗಾಣಿ ಬಜ್ಜಿ. ಒಗ್ಗರಣೆಯೇ ಬಾಯಿಂದ ಬಾಯಿಗೆ ಹೋಗಿ ಉಗ್ಗಾಣಿ ಆಗಿರಬೇಕು ಎಂದು ನನ್ನ ಊಹೆ. ನಾವು ತಿಂದ ಹೋಟೆಲಿನಲ್ಲಿ ಬೋರ್ಡು ತೆಲುಗಿನಲ್ಲಿತ್ತು, ಗಿರಾಕಿಗಳು ಎರಡೂ ಭಾಷೆಯಲ್ಲಿ ಕೂಗುತ್ತಿದ್ದರು, ಬಾಣಲೆಯ ಮುಂದಿದ್ದ ಹುಡುಗ ಕೇಳಿದವರ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದ. ಪುಂಡಿಪಲ್ಯ ಅಲ್ಲಿ ಗೋಂಗೂರ, ಜೋಳದ ರೊಟ್ಟಿ ಜೊನ್ನ ರೊಟ್ಟೆ. ತಟ್ಟುವ ಕೈಯ ಸದ್ದು ಮಾತ್ರ ಒಂದೇ.

ಮನೆಯಲ್ಲಿ ನಮಗೆ ರೊಟ್ಟಿ ಬಡಿಸಿದವರು ನನ್ನಾಕೆಯ ಚಿಕ್ಕಮ್ಮ. ವಯಸ್ಸು 80 ದಾಟಿದೆ. "ಕುಂದ್ರಿ ಅಳಿಯಾರೇ, ಆ ದೇಶದಾಗ ಇದೆಲ್ಲಿ ಸಿಗತೈತಿ" ಎನ್ನುತ್ತ ತಾಟಿಗೆ ಶೇಂಗಾ ಚಟ್ನಿಪುಡಿ ಹಾಕಿದರು. 1953ರ ಬಗ್ಗೆ ಕೇಳಿದೆ. "ನಾಲ್ಕನೇ ಕ್ಲಾಸಿನಾಗ ಬಳ್ಳಾರಿ ಜಿಲ್ಲೆ ಅಂತ ಬರಿತಿದ್ವಿ, ಐದನೇ ಕ್ಲಾಸಿನಾಗ ಕರ್ನೂಲು ಜಿಲ್ಲೆ ಅಂತ ಬರೀರಿ ಅಂದ್ರು, ಬರದ್ವಿ" ಎಂದರು. ಅವರಿಗೆ ನೆನಪಿರುವುದು ಅಷ್ಟೇ.

ಚಿಕ್ಕಮ್ಮ ಓದಿದ್ದು ಕನ್ನಡದಲ್ಲಿ. ಅವರ ಮಕ್ಕಳು ಓದಿದ್ದು ತೆಲುಗಿನಲ್ಲಿ, ಮೊಮ್ಮಕ್ಕಳು ಇಂಗ್ಲಿಷಿನಲ್ಲಿ. ಗಡಿಯ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಇವೆ, ಆದರೆ ಈ ಮನೆಯಿಂದ ಯಾರೂ ಹೋಗಲಿಲ್ಲ. ಕೆಲಸ ಸಿಗುವ ಭಾಷೆಯಲ್ಲಿ ಓದಿಸಿದ ತಂದೆತಾಯಿಯನ್ನು ನಾನು ದೂರಲಾರೆ. ನಮ್ಮ ಮಗಳು ಜರ್ಮನ್ ಶಾಲೆಗೆ ಹೋಗುತ್ತಾಳೆ. ಆಲ್ಸಾಸಿನಲ್ಲಿಯೂ 1945ರ ನಂತರ ಶಾಲೆ ಪೂರ್ತಿ ಫ್ರೆಂಚ್ ಆಯಿತು. ಒಂದು ವೈನ್ ಹಳ್ಳಿಯಲ್ಲಿ ಅಜ್ಜಿಯೊಬ್ಬರು ನಮ್ಮೊಡನೆ ಅಲ್ಲಿಯ ಆಡುಮಾತಿನಲ್ಲಿ ಮಾತಾಡಿದರು. ಅದು ನಮ್ಮ ಊರಿನ ಕಡೆಯ ಜರ್ಮನ್‌ಗೆ ಹತ್ತಿರವಾದ್ದರಿಂದ ನಮಗೆ ತಿಳಿಯಿತು. ಪಕ್ಕದಲ್ಲೇ ಬಾಟಲಿ ಕಟ್ಟುತ್ತಿದ್ದ ಮೊಮ್ಮಗನಿಗೆ ಅರ್ಧ ತಿಳಿಯಲಿಲ್ಲ. ಅವನ ಅಂಗಡಿಯ ಮೆನುವಿನಲ್ಲಿ ತಿಂಡಿಗಳ ಹೆಸರು ಮಾತ್ರ ಆ ಅಜ್ಜಿಯ ಭಾಷೆಯವು.

ಚಿಕ್ಕಮ್ಮನ ಹತ್ತಿರ ಒಂದು ನೋಟುಪುಸ್ತಕವಿದೆ. ಮಸಾಲೆಯ ಅಳತೆ, ಉಪ್ಪಿನಕಾಯಿ, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬಾಣಂತಿಗೆ ಕೊಡುವ ಪದಾರ್ಥಗಳು, ಎಲ್ಲವೂ ಅವರ ಕೈಬರಹದ ಕನ್ನಡದಲ್ಲಿ. ಈಗ ಅಡಿಗೆ ನೋಡಿಕೊಳ್ಳುವ ಸೊಸೆ ನಂದ್ಯಾಲದ ಕಡೆಯವಳು, ತೆಲುಗು ಓದಿದವಳು. ಎರಡು ಲಿಪಿಗಳು ಅಕ್ಕತಂಗಿಯರಾದ್ದರಿಂದ ಅವಳು ಮುಕ್ಕಾಲು ಭಾಗ ಓದಿಬಿಡುತ್ತಾಳೆ. ಕ, ತ, ಶ ಬಂದಲ್ಲಿ ತಡೆಯುತ್ತಾಳೆ. ತಡೆದಾಗ ಅತ್ತೆಯನ್ನು ಕೇಳುತ್ತಾಳೆ. ಆದರೆ ಚಿಕ್ಕಮ್ಮನ ಕಣ್ಣಿಗೆ ಪೊರೆ ಬಂದು, ತಾವು ಬರೆದದ್ದನ್ನೇ ಓದುವುದು ಕಷ್ಟವಾಗಿದೆ.

ಹೀಗಾಗಿ ನಮ್ಮ ಉಳಿದ ರಜೆ ಅಡಿಗೆಮನೆಯಲ್ಲೇ ಕಳೆಯಿತು. ಮಂತ್ರಾಲಯಕ್ಕೆ ಒಂದು ದಿನ ಹೋಗಿ ತುಂಗಭದ್ರೆಯನ್ನು ನೋಡಿ ಬಂದದ್ದಷ್ಟೇ. ಯೆಮ್ಮಿಗನೂರಿನ ನೇಕಾರರನ್ನು ನೋಡುವ ಆಸೆ ಈ ಸಲ ಕೈಗೂಡಲಿಲ್ಲ. ನನ್ನಾಕೆ ಗಟ್ಟಿಯಾಗಿ ಓದುವುದು, ಚಿಕ್ಕಮ್ಮ ಮಧ್ಯೆ ಮಧ್ಯೆ "ಮೆಂತೆ ಅಷ್ಟು ಬ್ಯಾಡ, ಆಗಿನ ಸೇರು ದೊಡ್ಡದು" ಎಂದು ತಿದ್ದುವುದು, ಸೊಸೆ ಹೊಸ ಪುಸ್ತಕದಲ್ಲಿ ಬರೆಯುವುದು. ಅಕ್ಷರ ತೆಲುಗು, ಮಾತು ಕನ್ನಡ. ಸೊಪ್ಪಿನ ಪುಟಕ್ಕೆ ಬಂದಾಗ ಸೊಸೆ, "ಅತ್ತಮ್ಮಾ, ಗೋಂಗೂರ ಅಂತ ಬರೀಲಾ?" ಎಂದು ಕೇಳಿದಳು. ಚಿಕ್ಕಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಎರಡೂ ಬರಿ" ಎಂದರು.

ಹೊರಡುವ ಹೊತ್ತಿಗೆ 41 ಪುಟ ಮುಗಿದಿತ್ತು. ಉಪ್ಪಿನಕಾಯಿಗಳ ಭಾಗ ಇನ್ನೂ ಉಳಿದಿದೆ. ಅದನ್ನು ಈಗ ಪ್ರತಿ ಭಾನುವಾರ ಮಧ್ಯಾಹ್ನ ಫೋನಿನಲ್ಲಿ ಬರೆಸುತ್ತಿದ್ದೇವೆ. ಪುಟಗಳ ಫೋಟೋ ನಮ್ಮಲ್ಲಿದೆ. ಕಳೆದ ವಾರ ಮಾವಿನಕಾಯಿ ಮುಗಿಯಿತು, ಮುಂದಿನ ವಾರ ನಿಂಬೆ.