ಅಮ್ಮನ ಬೆರಳು, ಮೈನಸ್ ಮೂರು

ಹಾಡುವವರಿಗೆ ಶ್ರುತಿ ಅಂದ್ರೆ ಮನೆ ವಿಳಾಸ ಇದ್ದ ಹಾಗೆ. ನಮ್ಮಮ್ಮನದು ಮೂವತ್ತು ವರ್ಷದಿಂದ ಒಂದೇ ವಿಳಾಸ, ಐದೂವರೆ. ಕೀಬೋರ್ಡ್ ಭಾಷೆಯಲ್ಲಿ ಜಿ ಶಾರ್ಪ್. ತಿಪಟೂರಿನಲ್ಲಿ ಮಕ್ಕಳಿಗೆ ದೇವರನಾಮ ಹೇಳಿಕೊಡುವಾಗ ಹಾರ್ಮೋನಿಯಂ ಮೇಲೆ ಅವರ ಬೆರಳು ನೋಡದೇ ಅಲ್ಲಿಗೆ ಹೋಗ್ತಿತ್ತು.

ಹೋದ ವರ್ಷ ಥೈರಾಯ್ಡ್ ಆಪರೇಷನ್ ಆಯ್ತು. ಮಾತು ಬೇಗ ಸರಿಹೋಯ್ತು, ಹಾಡು ಮಾತ್ರ ನಾಲ್ಕು ಶ್ರುತಿಗೆ ಇಳಿದುಬಿಡ್ತು. ಜಿ ಶಾರ್ಪ್‌ನಿಂದ ಎಫ್‌ಗೆ, ಅಂದ್ರೆ ಮೂರು ಮೆಟ್ಟಿಲು ಕೆಳಗೆ. ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸಿದ್ರೆ ಶ್ರುತಿ ಇಳಿಯುತ್ತೆ, ಆದ್ರೆ ಮೂವತ್ತು ವರ್ಷ ಪಳಗಿದ ಬೆರಳು ಇಳಿಯಲ್ಲ. ‘ಸ’ ಜಾಗ ಬದಲಾದ್ರೆ ಸರಳೆ ವರಸೆಗೂ ಕಪ್ಪು-ಬಿಳಿ ಮನೆಗಳ ದಾರಿ ಪೂರ್ತಿ ಬೇರೆ. ಒಂದೆರಡು ದಿನ ಪ್ರಯತ್ನಪಟ್ಟು ಅಮ್ಮ ಹಾರ್ಮೋನಿಯಂಗೆ ಬಟ್ಟೆ ಹೊದಿಸಿದ್ರು. ಚೆಕಪ್‌ಗೆ ಅನುಕೂಲ ಅಂತ ಅಬ್ಬಿಗೆರೆಯ ನನ್ನ ಬಾಡಿಗೆ ಮನೆಗೆ ಬಂದಾಗ ಅದನ್ನು ಊರಲ್ಲೇ ಬಿಟ್ಟುಬಂದ್ರು. “ಆಯ್ತು ಬಿಡೇ, ಹಾಡಿದ್ದು ಸಾಕು” ಅಂದ್ರು. ಆ ಮಾತು ನನಗೆ ರಿಪೋರ್ಟಿಗಿಂತ ಜಾಸ್ತಿ ಭಯ ಹುಟ್ಟಿಸ್ತು.

ಮನೆಯಲ್ಲಿ ನನ್ನದೊಂದು ಪುಟ್ಟ ಸಿಂಥಸೈಜರ್ ಇತ್ತು. ಆಫೀಸ್ ಮುಗಿದ ಮೇಲೆ ತಲೆ ಹಗುರಾಗಲಿ ಅಂತ ತಗೊಂಡದ್ದು. ಅದರ ಕೀಗಳು ಎಷ್ಟು ಚಿಕ್ಕವು ಅಂದ್ರೆ ಅಮ್ಮನ ಒಂದು ಬೆರಳಿಗೆ ಎರಡು ಸ್ವರ ಸಿಕ್ಕಿಕೊಳ್ತಿತ್ತು. ಅದಕ್ಕೇ ಒಂದು ಮಿಡಿ ಕೀಬೋರ್ಡ್ ತಂದೆ.

ಮಿಡಿ ಕೀಬೋರ್ಡ್ ಅಂದ್ರೆ ತನ್ನದೇ ದನಿ ಇಲ್ಲದ ಕೀಬೋರ್ಡ್. 1983ರಲ್ಲಿ ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದಕ್ಕೊಂದು ಮಾತಾಡಲಿ ಅಂತ ಬಂದ ಒಪ್ಪಂದ ಮಿಡಿ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಅದರ ಹಿಂದಿದ್ದ ಮುಖ್ಯರು. ತಂತಿಯಲ್ಲಿ ಹೋಗೋದು ನಾದ ಅಲ್ಲ, ಬರೀ ಸಂಖ್ಯೆ: ಯಾವ ಕೀ, ಎಷ್ಟು ಜೋರಾಗಿ ಒತ್ತಿದ್ರು, ಯಾವಾಗ ಬಿಟ್ರು. ಕೀಗಳಿಗೆ 0ರಿಂದ 127ರವರೆಗೆ ನಂಬರು, ಮಧ್ಯದ ಸಿ 60. ನಾದ ಹುಟ್ಟೋದು ಆಚೆ ತುದಿಯ ಸಿಂಥ್‌ನಲ್ಲಿ.

ನನಗೆ ಬೇಕಿದ್ದದ್ದು ಇದೇ, ಬೆರಳು ಒಂದು ಕಡೆ, ದನಿ ಇನ್ನೊಂದು ಕಡೆ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿ ಮೂರು ಸಲ ಒತ್ತಿ ಮೈನಸ್ ಮೂರಕ್ಕೆ ಇಟ್ಟೆ. ಅಮ್ಮ 56ನೇ ಕೀ ಒತ್ತಿದ್ರೆ ತಂತಿಯಲ್ಲಿ ಹೋಗೋದು 53. ಬೆರಳಿಗೆ ಐದೂವರೆ, ಗಂಟಲಿಗೆ ನಾಲ್ಕು. ಸ್ಕೇಲ್ ಚೇಂಜರ್ ಹಾರ್ಮೋನಿಯಂನಲ್ಲೂ ಇದು ಸಾಧ್ಯ, ಆದ್ರೆ ಅದು ಭಾರ, ದುಬಾರಿ.

ಮನೆಯಲ್ಲಿ ಮಾಡಿ ನೋಡೋರಿಗೆ ಎರಡು ಮಾತು. ಕೀಬೋರ್ಡಿನ ‘ಔಟ್’ನಿಂದ ಸಿಂಥ್‌ನ ‘ಇನ್’ಗೆ ಐದು ಪಿನ್ನಿನ ಕೇಬಲ್ ಹಾಕಿ, ಹದಿನಾರು ಚಾನೆಲ್‌ಗಳಲ್ಲಿ ಎರಡನ್ನೂ ಒಂದೇ ಚಾನೆಲ್‌ಗೆ ಇಡಿ. ಕೀಬೋರ್ಡಿನಲ್ಲಿ ಯುಎಸ್‌ಬಿ ಮಾತ್ರ ಇದ್ರೆ ನಡುವೆ ಲ್ಯಾಪ್‌ಟಾಪೋ ಹೋಸ್ಟ್ ಬಾಕ್ಸೋ ಬೇಕು. ಕೊಳ್ಳೋ ಮುಂಚೆ ಇದನ್ನೇ ಕೇಳಿ.

ಸಿಂಥ್‌ನಲ್ಲಿ ಹಾರ್ಮೋನಿಯಂ ತರದ ದನಿ ಕೂಡಿಸೋಕೆ ಒಂದು ಭಾನುವಾರ ಹೋಯ್ತು. “ಇದು ನಮ್ಮ ಪೆಟ್ಟಿಗೆ ಅಲ್ಲ, ನೆಗಡಿ ಬಂದ ಪೆಟ್ಟಿಗೆ” ಅಂದ್ರು ಅಮ್ಮ. ಆದ್ರೂ ಏಳಲಿಲ್ಲ. ಕೀಬೋರ್ಡಿನ ಎಡಗಡೆಯ ಬೆಂಡ್ ಚಕ್ರ ತೋರಿಸಿದೆ, ತಿರುಗಿಸಿದ್ರೆ ಸ್ವರ ಜಾರುತ್ತೆ. ಗಮಕ ಬರಲ್ಲ ಅನ್ನೋ ದೂರಿನ ಮೇಲೆ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನೇ ದೂರ ಇಟ್ಟಿತ್ತು. ಅಮ್ಮ ಚಕ್ರವನ್ನು ಎರಡು ಸಲ ಆಡಿಸಿ, “ಗಮಕ ಗಂಟಲಲ್ಲಿರಲಿ, ಇದು ಸುಮ್ನೆ ಜೊತೆಗಿದ್ರೆ ಸಾಕು” ಅಂದ್ರು.

ಕೆಳಗಿನ ವರ್ಕ್‌ಶಾಪಿನ ಲೇತ್ ಸದ್ದು ನಿಂತ ಮೇಲೆ ಈಗ ದಿನಾ ಅರ್ಧ ಗಂಟೆ ಕೂರ್ತಾರೆ. ಮೇಲಿನ ಷಡ್ಜ ಇನ್ನೂ ಒಡೆಯುತ್ತೆ, ಒಡೆದಲ್ಲಿ ಬಿಟ್ಟು ಮುಂದೆ ಹೋಗ್ತಾರೆ. ಪಕ್ಕದ ಮನೆಯ ಹುಡುಗಿ ಮೂರು ವಾರದಿಂದ ಪಾಠಕ್ಕೆ ಬರ್ತಿದ್ದಾಳೆ.

ಹೋದ ಗುರುವಾರ ನಾನಿನ್ನೂ ಬ್ಯಾಗ್ ಇಳಿಸಿರಲಿಲ್ಲ. “ಲೇ, ಇವತ್ತು ಮೈನಸ್ ಎರಡಕ್ಕೆ ಇಡು. ಗಂಟಲು ಚೆನ್ನಾಗಿದೆ” ಅಂದ್ರು.