ಗಣಕಯಂತ್ರದ ಅನ್ನದಾತ

ಬಾಲಮಿತ್ರರೇ, ಸ್ವಂತ ಕೈಯಿಂದ ಗಣಕಯಂತ್ರವನ್ನು ಜೋಡಿಸಬೇಕೆಂಬ ಹಂಬಲವು ನಿಮ್ಮಲ್ಲಿ ಹಲವರಿಗಿರುವುದನ್ನು ನಾನು ಬಲ್ಲೆನು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಯಾವ ಪ್ರೊಸೆಸರಿಗೆ ಏನು ಬೆಲೆ, ಯಾವ ಗ್ರಾಫಿಕ್ಸ್ ಕಾರ್ಡಿನಲ್ಲಿ ಯಾವ ಆಟ ಸರಾಗವಾಗಿ ಓಡುವುದು ಎಂಬುದೆಲ್ಲ ನಿಮಗೆ ಪಾಠದ ಪದ್ಯಕ್ಕಿಂತ ಚೆನ್ನಾಗಿ ಬಾಯಿಪಾಠವಾಗಿದೆ. ಆದರೆ ಇವೆಲ್ಲಕ್ಕೂ ಅನ್ನವಿಕ್ಕುವ ಪೆಟ್ಟಿಗೆಯ ಮಾತು ಬಂದಾಗ ಮಾತ್ರ, “ಉಳಿದ ದುಡ್ಡಿನಲ್ಲಿ ಯಾವುದಾದರೊಂದು” ಎಂದುಬಿಡುವಿರಿ. ಅಂಗಡಿಯವರು ಎಸ್.ಎಂ.ಪಿ.ಎಸ್. ಎಂದು ಕರೆಯುವ ಆ ಬಡಪಾಯಿಯ ಪರವಾಗಿ ನನ್ನದು ನಾಲ್ಕು ಮಾತು.

ನಮ್ಮ ಗೋಡೆಯ ಪ್ಲಗ್ಗಿಗೆ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಗಣಕಕ್ಕೆ ಬೇಕಾದುದು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತು. ಒಂದನ್ನು ಇನ್ನೊಂದಾಗಿ ಮಾರ್ಪಡಿಸುವುದೇ ಈ ಪೆಟ್ಟಿಗೆಯ ಕಾಯಕ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಬಹುಮಟ್ಟಿಗೆ 12 ವೋಲ್ಟಿನ ಪಂಕ್ತಿಯಲ್ಲಿಯೇ ಉಣ್ಣುವುದರಿಂದ, ಆ ಪಂಕ್ತಿಯಲ್ಲಿ ಎಷ್ಟು ಬಡಿಸಬಲ್ಲುದೆಂಬುದನ್ನು ಮೊದಲು ನೋಡಬೇಕು.

ಕಳೆದ ವರ್ಷ ಹತ್ತನೆಯ ತರಗತಿಯ ಹುಡುಗನೊಬ್ಬನ ಜೊತೆಗೆ ಅಂಗಡಿಗೆ ಹೋಗಿದ್ದೆನು. ತಂದೆ ಹೋಟೆಲಿನಲ್ಲಿ ದುಡಿದು ಎರಡು ವರ್ಷ ಕೂಡಿಟ್ಟ ಹಣ ಅವನ ಕಿಸೆಯಲ್ಲಿತ್ತು. ವ್ಯಾಪಾರಿಯು “500 ವ್ಯಾಟ್” ಎಂದು ದಪ್ಪಕ್ಷರದಲ್ಲಿ ಬರೆದ ಅಗ್ಗದ ಪೆಟ್ಟಿಗೆಯೊಂದನ್ನು ಮುಂದಿಟ್ಟನು. ಪಕ್ಕದ ಚೀಟಿಯ ಸಣ್ಣಕ್ಷರದಲ್ಲಿ ಮಾತ್ರ 12 ವೋಲ್ಟಿನ ಎದುರಿಗೆ 16 ಆಂಪಿಯರ್ ಎಂದಿತ್ತು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು. ಹುಡುಗನು ಹನ್ನೆರಡರ ಮಗ್ಗಿಯನ್ನು ಮರೆತಿರಲಿಲ್ಲ. “192 ಅಷ್ಟೇ, ಸರ್” ಎಂದನು.

ಅವನು ಆರಿಸಿದ್ದ ಪ್ರೊಸೆಸರು ಹೆಸರಿಗೆ 65 ವ್ಯಾಟಿನದು. ಭರದಿಂದ ದುಡಿಯುವಾಗ 88ರವರೆಗೆ ಕೇಳುವುದು. ಗ್ರಾಫಿಕ್ಸ್ ಕಾರ್ಡಿಗೆ 170. ಮದರ್‌ಬೋರ್ಡು, ಡಿಸ್ಕು, ಫ್ಯಾನುಗಳಿಗೆಲ್ಲ ಸೇರಿಸಿ 50 ಹಿಡಿದೆವು. ಒಟ್ಟು 308. ಅದರ ಮೇಲೆ ಈ ಗ್ರಾಫಿಕ್ಸ್ ಕಾರ್ಡುಗಳು ಕ್ಷಣಮಾತ್ರ ತಮ್ಮ ಪಾಲಿಗಿಂತ ಹೆಚ್ಚು ಸೆಳೆಯುವ ಹೊಟ್ಟೆಬಾಕ ಜಾತಿಯವು. ಆದುದರಿಂದ 550 ವ್ಯಾಟಿನ ಪ್ರಾಮಾಣಿಕ ಪೆಟ್ಟಿಗೆಯೇ ಬೇಕೆಂದೆವು. “ಎಲ್ಲರೂ ಇದನ್ನೇ ಒಯ್ಯುತ್ತಾರೆ” ಎಂದನು ವ್ಯಾಪಾರಿ. ಎಲ್ಲರ ಯಂತ್ರಗಳು ಎಷ್ಟು ಕಾಲ ಬಾಳಿದುವೆಂದು ಅವನು ಹೇಳಲಿಲ್ಲ. ಕಳಪೆ ಪೆಟ್ಟಿಗೆಯು ಸಾಯುವಾಗ ಒಮ್ಮೊಮ್ಮೆ ಮದರ್‌ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದೊಯ್ಯುವುದುಂಟು.

ದೊಡ್ಡ ಪೆಟ್ಟಿಗೆಯಿಂದ ಕರೆಂಟಿನ ಬಿಲ್ಲು ಏರುವುದೆಂದು ಹುಡುಗನು ಅಂಜಿದನು. ಹಾಗೇನಿಲ್ಲ, ಗಣಕವು ಕೇಳಿದಷ್ಟನ್ನೇ ಅದು ಎಳೆಯುವುದು, ಜೊತೆಗೆ ತನ್ನ ನಷ್ಟವನ್ನು. ಶೇಕಡಾ 85ರಷ್ಟು ದಕ್ಷತೆಯುಳ್ಳದು 300 ವ್ಯಾಟ್ ಬಡಿಸಬೇಕಾದರೆ ಗೋಡೆಯಿಂದ 353 ವ್ಯಾಟ್ ಎಳೆಯುವುದು. ಉಳಿದ 53 ಬರಿಯ ಶಾಖ. ಮೇ ತಿಂಗಳಲ್ಲಿ ಚಾಳಿನ ಒಂಟಿ ಕೋಣೆಗೆ ಅದೂ ಸೆಕೆಯೇ! 2004ರಲ್ಲಿ ಆರಂಭವಾದ ‘80 ಪ್ಲಸ್’ ಮುದ್ರೆಯು ಈ ದಕ್ಷತೆಯನ್ನು ತಿಳಿಸುವುದು. ಆದರೆ ಪೆಟ್ಟಿಗೆಯ ಬಾಳಿಕೆಗೆ ಆ ಮುದ್ರೆಯು ಹೊಣೆಯಲ್ಲ.

ಎರಡು ಸಾವಿರ ರೂಪಾಯಿ ಕಡಿಮೆ ಬಿದ್ದಿತು. ಹುಡುಗನು ಬಹಳ ಹೊತ್ತು ಸುಮ್ಮನೆ ನಿಂತು, ಆಸೆಪಟ್ಟಿದ್ದ ಬಣ್ಣದ ದೀಪಗಳ ಗಾಜಿನ ಕ್ಯಾಬಿನೆಟ್ಟನ್ನು ಹಿಂದಿರುಗಿಸಿ ತಗಡಿನದನ್ನು ತೆಗೆದುಕೊಂಡನು. ನಾನು ಅವನಿಗೆ ಏನೂ ಹೇಳಿರಲಿಲ್ಲ.

ಇನ್ನೊಂದು ಮಾತು. ಕುತೂಹಲಕ್ಕೂ ಆ ಪೆಟ್ಟಿಗೆಯನ್ನು ಬಿಚ್ಚಬೇಡಿರಿ. ಅದರ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ತು, ಪ್ಲಗ್ಗನ್ನು ಕಿತ್ತ ಮೇಲೆಯೂ ಅಡಗಿರಬಹುದು. ಕೆಟ್ಟರೆ ವಾರಂಟಿಯ ಚೀಟಿ ಹಿಡಿದು ಅಂಗಡಿಗೆ ಹೋಗಿರಿ. ಆ ಚೀಟಿಯನ್ನು ಪಠ್ಯಪುಸ್ತಕದೊಳಗಿಟ್ಟು ಮರೆಯಬೇಡಿರಿ.